ಬೆರಕೆ ಸೊಪ್ಪಿನ ವಿಚಾರಣೆ

ಕೆಲವರಿಗೆ ಎಲೆ ಅಡಿಕೆಯ ಚಟ ಇರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಸಂಚಾಲಕನಾಗುವ ಚಟ. ನಾಲ್ಕು ಜನ ಒಟ್ಟಿಗೆ ನಿಂತು ಏನೋ ಮಾತಾಡುತ್ತಿದ್ದರೆ ಸಾಕು, ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗುತ್ತದೆ. ಹೆಸರುಗಳ ಪಟ್ಟಿ ಮಾಡುವವರೆಗೂ ನನಗೆ ಸಮಾಧಾನವಿಲ್ಲ. ಪಟ್ಟಿ ಮಾಡಿದ ಮೇಲೆ ಮುಂದೇನು ಎಂಬುದು ನನಗೆ ಗೊತ್ತಿರುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದವನಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸಬಾರದು. ನನ್ನ ಹೆಂಡತಿ ಶಾರದಾ ನಿರೀಕ್ಷಿಸುವುದನ್ನು ಮದುವೆಯಾದ ಎರಡನೇ ವರ್ಷಕ್ಕೇ ಬಿಟ್ಟಳು.

ಬೆಂಗಳೂರು ಮುಗಿದು ಹೊಸಕೋಟೆ ಶುರುವಾಗುವ ಜಾಗದಲ್ಲಿ ನಮ್ಮ ಅಪಾರ್ಟ್‌ಮೆಂಟು ಇದೆ. ಕೊರೊನಾ ಕಾಲದಲ್ಲಿ ಸಂತೆ, ಮಾರ್ಕೆಟ್ಟು ಎಲ್ಲ ಮುಚ್ಚಿದ್ದಾಗ ಸಮೇತನಹಳ್ಳಿಯ ರತ್ನಮ್ಮ ಒಂದು ದಿನ ಲಗೇಜ್ ಆಟೋ ತುಂಬ ಟೊಮೇಟೊ ಹಾಕಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಂತರು. ಬೆಳೆದದ್ದನ್ನು ಕೊಳ್ಳುವವರಿಲ್ಲದೆ ಅವರು ಕಂಗಾಲಾಗಿದ್ದರು, ತಿನ್ನುವುದಕ್ಕೆ ಏನೂ ಸಿಗದೆ ನಾವು ಕಂಗಾಲಾಗಿದ್ದೆವು. ಅರ್ಧ ಗಂಟೆಯಲ್ಲಿ ಆಟೋ ಖಾಲಿಯಾಯಿತು. ನಾನು ಮಾಸ್ಕಿನೊಳಗಿಂದಲೇ ಒಂದು ಭಾಷಣ ಮಾಡಿದೆ. ನಾವೆಲ್ಲ ಆರು ತಿಂಗಳದ್ದು ಮುಂಗಡವಾಗಿ ಕೊಟ್ಟುಬಿಡೋಣ, ಪ್ರತಿ ಶನಿವಾರ ಮನೆಗೊಂದು ಬುಟ್ಟಿ ಬರಲಿ, ಹೊಲದಲ್ಲಿ ಏನು ಬಂದರೆ ಅದು ಬುಟ್ಟಿಯಲ್ಲಿ ಬರಲಿ, ಬೆಳೆಯ ಕಷ್ಟಸುಖ ನಮ್ಮದೂ ಆಗಲಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಜನ ಎಲ್ಲದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಲವತ್ತು ಮನೆಯ ಪಟ್ಟಿ ತಯಾರಾಯಿತು, ಕೆಳಗೆ ಸಂಚಾಲಕರು ಎಂದು ನನ್ನ ಸಹಿ.

ಕಷ್ಟಸುಖದಲ್ಲಿ ಪಾಲುಗೊಳ್ಳುವುದು ಎಂದರೆ ಒಂದೂವರೆ ತಿಂಗಳು ನವಿಲುಕೋಸು ತಿನ್ನುವುದು ಎಂದು ಯಾರಿಗೂ ಹೊಳೆದಿರಲಿಲ್ಲ. ಕುಂಬಳಕಾಯಿ ಬಂದ ವಾರಗಳದ್ದು ಬೇರೆ ಕಥೆ. ಇಡೀ ಕುಂಬಳಕಾಯಿಗೆ ಮೊದಲ ಏಟನ್ನು ಗಂಡಸೇ ಹಾಕಬೇಕು, ಹೆಂಗಸರು ಹಾಕಬಾರದು ಎಂಬ ಸಂಪ್ರದಾಯ ನಮ್ಮಲ್ಲಿದೆ. ಗಂಡಂದಿರು ಮನೆಯಲ್ಲಿಲ್ಲದ ಫ್ಲಾಟುಗಳಿಂದ ಸಂಚಾಲಕರಿಗೆ ಕರೆ ಬರತೊಡಗಿತು. ಎರಡು ಶನಿವಾರ ನಾನು ಮಚ್ಚು ಹಿಡಿದು ಲಿಫ್ಟಿನಲ್ಲಿ ಮಹಡಿಯಿಂದ ಮಹಡಿಗೆ ಓಡಾಡಿದೆ. ಹೊಸದಾಗಿ ಬಾಡಿಗೆಗೆ ಬಂದಿದ್ದ ಒಂದು ಕುಟುಂಬ ಎರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು, ನನ್ನನ್ನು ನೋಡಿ, ಮೆಟ್ಟಿಲು ಹತ್ತಿಕೊಂಡು ಹೋಯಿತು.

ಕೊರೊನಾ ಹೋಯಿತು, ಅಂಗಡಿಗಳು ತೆರೆದವು, ನಲವತ್ತು ಮನೆ ಇಪ್ಪತ್ತೆರಡಾಯಿತು. ರತ್ನಮ್ಮ ನೇರ ಮಾತಿನವರು. "ಇಪ್ಪತ್ತು ಮನೆ ಇದ್ರೆ ಹೆಂಗೋ ನಡೀತದೆ ಸಾ. ಅದ್ಕಿಂತ ಕಮ್ಮಿ ಆದ್ರೆ ನನ್ ಕೈಲಾಗಲ್ಲ. ನಮ್ ಮೈದುನ ಹೊಲಾನ ಗೋಡೌನ್‌ನೋರಿಗೆ ಕೊಟ್ಬಿಡೋಣ ಅಂತ ಕಾಯ್ಕೊಂಡು ಕುಂತವ್ನೆ" ಎಂದಿದ್ದರು. ಅವರ ಹೊಲದ ಮೂರು ದಿಕ್ಕಿಗೂ ಆಗಲೇ ನೀಲಿ ತಗಡಿನ ಗೋಡೌನುಗಳು ಎದ್ದಿವೆ. ಬುಟ್ಟಿಗೆ ತರಕಾರಿ ಬರುವುದು ಉಳಿದ ಒಂದೂಕಾಲು ಎಕರೆಯಿಂದ. ಅದು ಉಳಿಯುವುದು ನನ್ನ ಪಟ್ಟಿಯ ಮೇಲೆ ನಿಂತಿತ್ತು, ಹಾಗಾಗಿ ನನಗೆ ಒಳಗೊಳಗೇ ದಿಗಿಲು.

ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಹತ್ತು ದಿನ ಬಿಡದೆ ಮಳೆ ಹಿಡಿಯಿತು. ಟೊಮೇಟೊ ಒಡೆಯಿತು, ಹುರುಳಿಕಾಯಿ ಕೊಳೆಯಿತು. ಆ ಶನಿವಾರ ಬುಟ್ಟಿಯಲ್ಲಿ ಇದ್ದದ್ದು ಒಂದು ದೊಡ್ಡ ಕಟ್ಟು ಸೊಪ್ಪು ಮಾತ್ರ. ಅದರಲ್ಲೂ ಒಂದು ಎಲೆ ಇದ್ದಂತೆ ಇನ್ನೊಂದು ಇರಲಿಲ್ಲ. ಹತ್ತು ನಿಮಿಷದಲ್ಲಿ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ತುಂಬಿದವು. ಇದು ಕಳೆ ಅಲ್ಲವೇ ಎಂದು ಒಬ್ಬರು. ನಮ್ಮ ಮನೆಯಲ್ಲಿ ಹಸು ಇಲ್ಲ ಎಂದು ಇನ್ನೊಬ್ಬರು. ಪಾರ್ಕಿಂಗ್ ಪಕ್ಕದ ಖಾಲಿ ಸೈಟಿನಲ್ಲಿ ಇದು ಪುಕ್ಕಟೆ ಸಿಗುತ್ತದೆ ಎಂದು ಮತ್ತೊಬ್ಬರು. ಸಂಜೆಯೊಳಗೆ ನಾಲ್ಕು ಮನೆಯವರು ಮುಂದಿನ ಆರು ತಿಂಗಳಿಗೆ ನಾವಿಲ್ಲ ಎಂದು ಬರೆದರು. ಇಪ್ಪತ್ತೆರಡರಲ್ಲಿ ನಾಲ್ಕು ಹೋದರೆ ಹದಿನೆಂಟು.

ಈಗ ನಿಜ ಹೇಳಿಬಿಡುತ್ತೇನೆ. ಆ ಕಟ್ಟು ಬಿಚ್ಚಿದಾಗ ಬಂದ ವಾಸನೆಗೇ ನನಗೆ ಅದು ಏನೆಂದು ಗೊತ್ತಾಗಿತ್ತು. ಬೆರಕೆ ಸೊಪ್ಪು. ದೊಡ್ಡಬಳ್ಳಾಪುರದ ಆಚೆಯ ನಮ್ಮೂರಿನಲ್ಲಿ ಮಳೆ ಬಿದ್ದ ಮೇಲೆ ಅಮ್ಮ ರಾಗಿ ಹೊಲದ ಬದುಗಳಲ್ಲಿ ಅಲೆದು ಅಣ್ಣೆ, ಗೋಣಿ, ಹೊನಗೊನೆ ಎಂದು ಹತ್ತಾರು ಬಗೆಯನ್ನು ಮಡಿಲಿಗೆ ಕಿತ್ತು ಹಾಕಿಕೊಂಡು ಬಂದು, ಬೇಳೆ ಬೆಳ್ಳುಳ್ಳಿಯ ಜೊತೆ ಬೇಯಿಸಿ ಮಸೆದು ಸಾರು ಮಾಡುತ್ತಿದ್ದಳು. ಅದನ್ನು ಮುದ್ದೆಯ ಜೊತೆ ತಿಂದೇ ನಾನು ಇಷ್ಟು ದಪ್ಪ ಆದದ್ದು. ಆದರೆ ಕೆಲಸ ಸಿಕ್ಕಿ, ಮೈಸೂರು ಪೇಟೆಯ ಹುಡುಗಿಯನ್ನು ಮದುವೆಯಾದ ಮೇಲೆ, ಕಾಸು ಕೊಡದೆ ಬದುವಿನಲ್ಲಿ ಕಿತ್ತು ತರುವುದನ್ನು ತಿಂದು ಬೆಳೆದೆ ಎಂದು ಹೇಳುವ ಸಂದರ್ಭ ಬರಲಿಲ್ಲ. ಬಂದಾಗ ನಾನು ಮಾತು ಬದಲಿಸಿದೆ. ಅಂದೂ ಶಾರದಾ, "ರೀ, ಇದನ್ನ ಹೇಗೆ ಮಾಡೋದು?" ಎಂದು ಕೇಳಿದಳು. "ಇರು, ವಿಚಾರಿಸ್ತೀನಿ" ಎಂದೆ. ಗುಂಪಿನಲ್ಲಿ ಹೀಗೆ ಬರೆದೆ: ಸದರಿ ವಿಷಯ ಗಮನಕ್ಕೆ ಬಂದಿರುತ್ತದೆ. ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.

ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಸಮೇತನಹಳ್ಳಿಗೆ ಹೋದೆ. ಏನು ಪರಿಶೀಲಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯಲಿಲ್ಲ. ರತ್ನಮ್ಮ ಕೆಸರಿನಲ್ಲಿ ಬಗ್ಗಿಕೊಂಡು ಎರಡು ತಿಂಗಳ ಮುಂದಿನ ಬುಟ್ಟಿಗೆ ಹುರುಳಿಕಾಯಿ ಬೀಜ ಊರುತ್ತಿದ್ದರು. ಹಿಂದಿನ ದಿನದ ಸೊಪ್ಪನ್ನು ನಾಲ್ಕು ಜನ ಹೆಂಗಸರು ಬೆಳಕು ಹರಿಯುವ ಮುಂಚಿನಿಂದ ಒಂದೊಂದೇ ಕುಡಿ ಆರಿಸಿ ಕಿತ್ತಿದ್ದು ಎಂದು ಅವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಮನೆಗಳು ಬಿಡುತ್ತಿರುವ ಸುದ್ದಿ ಅವರಿಗೂ ಮುಟ್ಟಿತ್ತು. ಆದರೂ ಜಗಳ ಆಡಲಿಲ್ಲ.

"ನಿಮ್ದು ದೊಡ್ಡಬಳ್ಳಾಪುರದ ಕಡೆ ಅಲ್ವಾ ಸಾ? ಅವತ್ತು ಭಾಷಣ ಮಾಡೋವಾಗ ಸ್ವಲ್ಪ ಅನ್ನೋಕೆ 'ಸಾಲ್ಪ' ಅಂದ್ರಲ್ಲ, ಅಲ್ಲೇ ಗೊತ್ತಾಯ್ತು" ಎಂದರು. ನಾನು ಹೌದೆಂದೆ. "ಅದೇ ಧೈರ್ಯದ ಮೇಲೇ ಬೆರಕೆ ಸೊಪ್ಪು ಹಾಕಿದ್ದು. ಏನೂ ಇಲ್ದೆ ಬುಟ್ಟಿ ಹೆಂಗ್ ಕಳ್ಸೋದು ಅಂತ ಕುಂತಿದ್ದಾಗ, ಇರ್ಲಿ, ನಮ್ಮೋರೊಬ್ರು ಅವ್ರೆ, ಉಳಿದೋರ್ಗೆ ತಿಳಿಸಿ ಹೇಳ್ತಾರೆ ಅಂದ್ಕೊಂಡೆ."

ನನಗೆ ತುಂಬಾ ನಾಚಿಕೆಯಾಯಿತು. ಅಷ್ಟು ನಾಚಿಕೆ ಆದವನು ಊಟಕ್ಕೆ ಕೂರಬಾರದು, ಆದರೆ ಅವರು ಬಿಡಲಿಲ್ಲ. ವಿಚಾರಣೆಗೆ ಹೋದವನು ಅದೇ ಸೊಪ್ಪಿನ ಸಾರಿನಲ್ಲಿ ಎರಡು ಮುದ್ದೆ ನುಂಗಿ, ಮೂರನೆಯದಕ್ಕೆ ಸುಮ್ಮನೆ ಬೇಡ ಬೇಡ ಎನ್ನುತ್ತಾ ತಟ್ಟೆ ಮುಂದೆ ಹಿಡಿದೆ.

ವಾಪಸು ಬರುವಾಗ ಗುಂಪಿಗೆ ಬರೆಯಬೇಕಾದ ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲೇ ತಯಾರು ಮಾಡಿಕೊಂಡೆ. ಅಮ್ಮನ ಮಡಿಲು, ಹೊಲದ ಬದು, ಎಲ್ಲ ಇತ್ತು ಅದರಲ್ಲಿ. ಮನೆಗೆ ಬಂದು ಫೋನು ತೆಗೆದರೆ ಕೆಲಸ ಮುಗಿದುಹೋಗಿತ್ತು. ಮೂರನೇ ಮಹಡಿಯ ನಸ್ರೀನ್ ಮೇಡಂ ಹೊಸಕೋಟೆ ಪೇಟೆಯವರು, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಅವರು ಒಂದೊಂದು ಎಲೆಯನ್ನೂ ಬಿಳಿ ಹಾಳೆಯ ಮೇಲಿಟ್ಟು, ಫೋಟೋ ತೆಗೆದು, ಹೆಸರು ಬರೆದು ಹಾಕಿದ್ದರು. ನಮ್ಮ ಅಮ್ಮಿ ಇದಕ್ಕೆ ಬೇಳೆ ಹಾಕುತ್ತಾರೆ, ಹಬ್ಬವಾದರೆ ಮಟನ್ ಹಾಕುತ್ತಾರೆ, ಇಷ್ಟು ಎಳೆಯ ಸೊಪ್ಪು ಪೇಟೆಯಲ್ಲಿ ಸಿಕ್ಕಿ ಎಷ್ಟೋ ವರ್ಷವಾಯಿತು ಎಂದಿದ್ದರು. ಬಿಟ್ಟುಹೋದ ನಾಲ್ಕೂ ಮನೆ ವಾಪಸು ಬಂದಿದ್ದವು. ನಾನು ತಯಾರಿಸಿದ್ದನ್ನೆಲ್ಲ ನುಂಗಿಕೊಂಡು, ಸ್ಥಳ ಪರಿಶೀಲನೆ ನಡೆಸಲಾಗಿದೆ, ಸೊಪ್ಪು ತೃಪ್ತಿಕರವಾಗಿದೆ ಎಂದು ಬರೆದೆ. ಒಂಬತ್ತು ಜನ ಕೈಮುಗಿಯುವ ಚಿತ್ರ ಕಳಿಸಿದರು.

ಶಾರದಾಗೆ ಮಾತ್ರ ಎಲ್ಲ ಹೇಳಿದೆ. ಅವಳು, "ಇಪ್ಪತ್ತಾರು ವರ್ಷದಿಂದ ಬೇಡದ ಪಲ್ಯಗಳನ್ನೆಲ್ಲ ಮಾಡಿ ಬಡಿಸಿದ್ದೀನಿ. ಇದು ಬೇಕು ಅಂತ ಒಂದು ದಿನ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?" ಎಂದಳು.

ಮುಂದಿನ ಶನಿವಾರವೂ ಹೊಲದಲ್ಲಿ ಬೇರೇನೂ ಇರಲಿಲ್ಲ, ಮತ್ತೆ ಸೊಪ್ಪಿನ ಕಟ್ಟುಗಳೇ ಬಂದವು. ಈ ಸಲ ಜನ ಕೆಳಗಿಳಿದು ಗೇಟಿನ ಹತ್ತಿರವೇ ಕಾಯುತ್ತಿದ್ದರು. ರತ್ನಮ್ಮ ಆಟೋದಿಂದ ಇಳಿದವರೇ ಎಲ್ಲರ ಎದುರಿಗೆ ನನ್ನ ಕಡೆ ಕೈ ತೋರಿಸಿ, "ಇವ್ರು ನಮ್ ಕಡೆಯೋರು. ಇವ್ರು ತಿಳಿಸಿ ಹೇಳಿದ್ಕೇ ನಮ್ ಹೊಲ ಉಳ್ಕೊಂತು" ಎಂದರು. ನಸ್ರೀನ್ ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನಲ್ಲ, ಇವರು ಎನ್ನಬೇಕಾಗಿತ್ತು. ನಾನು ತಲೆ ಬಾಗಿಸಿ ನಮಸ್ಕಾರ ಮಾಡಿದೆ.

"ಹೌದಾ ಸರ್? ನೀವು ಹೇಳ್ಲೇ ಇಲ್ಲ" ಎಂದರು ನಸ್ರೀನ್ ಮೇಡಂ, ಯಾವ ಕೊಂಕೂ ಇಲ್ಲದೆ. "ಒಳ್ಳೇದಾಯ್ತು. ನನಗೆ ಗೋಣಿ ಸೊಪ್ಪಿನ ಬಗ್ಗೆ ಇನ್ನೂ ಅನುಮಾನ ಇದೆ. ಇದರಲ್ಲಿ ಯಾವುದು ಅಂತ ಒಂದ್ಸಲ ತೋರಿಸಿ."

ಇಪ್ಪತ್ತೆರಡು ಮನೆಯವರು ನನ್ನತ್ತ ತಿರುಗಿದರು. ನಾನು ಕಟ್ಟು ಬಿಚ್ಚಿ, ಬದುವಿನಲ್ಲಿ ಹುಟ್ಟಿ ಬೆಳೆದವನ ಗತ್ತಿನಲ್ಲಿ ಒಂದು ಕುಡಿ ಆರಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ನಾಲ್ಕೈದು ಜನ ಫೋಟೋ ತೆಗೆದುಕೊಂಡರು. ರತ್ನಮ್ಮ ಬುಟ್ಟಿ ಸರಿಸುವ ನೆಪದಲ್ಲಿ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಹೇಳಿದರು:

"ಅದೊಂದು ಕಣ್ತಪ್ಪಿ ಬಂದ್ಬಿಟ್ಟೈತೆ ಸಾ. ಅದು ಕಳೆ."