ಸಲಹೆ ಕೊಟ್ಟಿಲ್ಲವೆಂಬ ಪತ್ರ

ಅರ್ಜಿಯ ಜೊತೆ ಲಗತ್ತಿಸಬೇಕಾದ ಕಾಗದಗಳಲ್ಲಿ ಒಂಬತ್ತನೆಯದು ಮಥುರಾಬಾಯಿಯ ಪ್ರಾಣ ಹಿಂಡಿತು. ಡಿಗ್ರಿಯ ಅಂಕಪಟ್ಟಿ, ಜನ್ಮದಾಖಲೆ, ಹೆಡ್‌ಮಾಸ್ತರರ ಒಪ್ಪಿಗೆ ಎಲ್ಲ ಇದ್ದವು. ಒಂಬತ್ತನೆಯದೆಂದರೆ, 'ಅಭ್ಯರ್ಥಿಯು ನನ್ನ ಕಷ್ಟವನ್ನು ಅರ್ಧ ಗಂಟೆ ಕೇಳಿರುತ್ತಾರೆ, ಯಾವ ಸಲಹೆಯನ್ನೂ ಕೊಟ್ಟಿರುವುದಿಲ್ಲ' ಎಂದು ಐದು ಜನ ಬೇರೆಬೇರೆ ಬರೆದುಕೊಟ್ಟ ಪತ್ರ. ಕೋರ್ಸಿನ ಹೆಸರು ಆಪ್ತಸಲಹೆಯ ಸ್ನಾತಕೋತ್ತರ ಡಿಪ್ಲೊಮಾ. ಅದಕ್ಕೆ ಸೇರಲು ಸಲಹೆ ಕೊಡದವರೇ ಬೇಕಂತೆ. ಓದಿದವರ ಲೀಲೆ ಓದಿದವರಿಗೇ ಗೊತ್ತು.

ಅದು ತೊಂಬತ್ತನಾಲ್ಕರ ಜುಲೈ. ಕೊನೆಯ ದಿನ ಅಂದೇ, ಸಂಜೆ ಐದರೊಳಗೆ ಕಲಬುರಗಿಯ ಕಾಲೇಜಿನಲ್ಲಿ ಅರ್ಜಿ ಕೊಡಬೇಕು. ಸೇರುವವರಿಗೆ ನಲವತ್ತೈದು ತುಂಬಿರಬಾರದು. ಮಥುರಾಬಾಯಿಗೆ ದಸರೆಗೆ ತುಂಬುತ್ತಿತ್ತು. ಈ ಸಲ ತಪ್ಪಿದರೆ ಬಾಗಿಲು ಕಾಯಂ ಬಂದ್. ಅವಳ ಹತ್ತಿರ ಇದ್ದದ್ದು ಮೂರೇ ಪತ್ರ, ಅವೂ ಶಾಲೆಯ ಜೊತೆಗಾರ್ತಿಯರಿಂದ ವಾರವಿಡೀ ಕಾಡಿ ಬೇಡಿ ಪಡೆದವು.

"ಇಪ್ಪತ್ತು ವರ್ಷ ಕಮಲಾಪುರದ ಸಾಲ್ಯಾಗ ಒದರಿದ ಬಾಯಿ," ಎಂದ ಗಂಡ ಶ್ರೀನಿವಾಸ, ಚಹಾ ಕುಡಿಯುತ್ತ. "ಸುಮ್ಮ ಕೂಡೋದು ನಿನಗ ಆಗ್ತದೇನು?"

"ಆಗ್ತದ. ನಿಮ್ಮ ಕಷ್ಟ ಹೇಳ್ರಿ, ಈಗ ಕೇಳ್ತೀನಿ."

"ನನ್ನ ಕಷ್ಟ ನೀನ. ನಿನ್ನ ಮುಂದ ಹೆಂಗ ಹೇಳಲಿ?"

ಮಥುರಾಬಾಯಿ ಅವನತ್ತ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿದಳು. ಈ ಹಟಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಅಳುತ್ತ ಅವಳ ಹತ್ತಿರ ಬಂದಿದ್ದಳು. ಇವಳು ಅರ್ಧ ಗಂಟೆ ಬುದ್ಧಿ ಹೇಳಿದಳು. ಹುಡುಗಿ ಮುಖ ತೊಳೆದುಕೊಂಡು, "ಹೂಂ ರೀ ಅಕ್ಕೋರ" ಎಂದು ಹೋದವಳು ಮತ್ತೆ ಶಾಲೆಗೆ ಬರಲಿಲ್ಲ. ಅವಳು ಏನು ಹೇಳಲು ಬಂದಿದ್ದಳೆಂಬುದು ಮಥುರಾಬಾಯಿಗೆ ಇವತ್ತಿಗೂ ಗೊತ್ತಿಲ್ಲ. ಅದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಪಕ್ಕದ ಮನೆಯ ಚಂದ್ರಾಬಾಯಿ ನಾಲ್ಕನೆಯ ಪತ್ರ ಕೊಡಲು ಒಪ್ಪಿದ್ದಳು. ಕಟ್ಟೆಯ ಮೇಲೆ ಕೂತು ಸೊಸೆಯ ಕತೆ ಶುರು ಮಾಡಿದಳು. ಇಪ್ಪತ್ತು ನಿಮಿಷ ಎಲ್ಲ ಸುಸೂತ್ರ.

"ಈಗ ನೀ ಹೇಳವಾ, ತಪ್ಪು ಆಕಿದ್ದೋ ನನ್ನದೋ?"

ಮಥುರಾಬಾಯಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

"ತಿಳೀತು ಬಿಡು," ಚಂದ್ರಾಬಾಯಿ ಎದ್ದು ನಿಂತಳು. "ಆಕಿ ನಿನಗ ಮೊದಲ ಕಿವಿ ಊದ್ಯಾಳ." ಬರೆದಿಟ್ಟ ಪತ್ರವನ್ನು ಹರಿದು ಒಲೆಗೆ ಹಾಕಲು ಒಳಗೆ ಹೋದಳು.

ಕಲಬುರಗಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಅಲ್ಲಿಯ ಮೋಮಿನಪುರದ ದರ್ಜಿ ನಬಿಸಾಬ್. ಮಗಳ ಮನೆಗೆ ಬಂದು ಊರಿಗೆ ಹೊರಟಿದ್ದ. ಮಥುರಾಬಾಯಿ ಸಂಕೋಚ ಬದಿಗಿಟ್ಟು ಕೇಳಿಯೇಬಿಟ್ಟಳು: "ನಿಮಗೇನರೆ ಕಷ್ಟ ಅದೇನ್ರಿ?" ಅವನಿಗೆ ಅಷ್ಟೇ ಬೇಕಾಗಿತ್ತು. ಅಣ್ಣನೂ ತಾನೂ ಒಂದೇ ಗೋಡೆಯ ಆಚೀಚೆ ಇದ್ದು ಆರು ವರ್ಷದಿಂದ ಮಾತಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದ. ಹಿಂದಿನ ಸೀಟಿನವರು ಕೋರ್ಟಿಗೆ ಹೋಗು ಎಂದರು, ಮುಂದಿನವರು ಕಾಲಿಗೆ ಬೀಳು ಎಂದರು. ಕಂಡಕ್ಟರ್ ಟಿಕೆಟು ಹರಿಯುವುದನ್ನು ಬಿಟ್ಟು ಗೋಡೆ ಕೆಡವುವ ಉಪಾಯ ಹೇಳಿದ. ಮಥುರಾಬಾಯಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು.

"ನೀವೊಬ್ಬರ ಸುಮ್ಮ ಕುಂತೀರಲ್ಲ ಅಕ್ಕೋರ. ನನ್ನ ಮ್ಯಾಲ ಸಿಟ್ಟೇನ್ರಿ?" ಎನ್ನುತ್ತಲೇ ನಬಿಸಾಬ್ ಸಹಿ ಮಾಡಿಕೊಟ್ಟ. ಕುಲುಕಾಟಕ್ಕೆ ಅದು ಹೊಲಿಗೆ ಬಿಚ್ಚಿದಂತೆ ಕಾಣುತ್ತಿತ್ತು. ಆದರೂ ನಾಲ್ಕಾಯಿತು.

ಕಾಲೇಜಿನ ಕೌಂಟರಿನಲ್ಲಿದ್ದ ಗುಮಾಸ್ತ ಜಗದೇವಪ್ಪ ಪತ್ರಗಳನ್ನು ಎರಡು ಸಲ ಎಣಿಸಿದ.

"ಒಂದು ಕಮ್ಮಿ ಅದರಿ."

"ನಾಲ್ಕು ಗಂಟಿ ಆಗ್ಯಾದ. ಈಗ ಯಾರನ್ನ ಹುಡುಕಲಿ? ನಿಮಗ ಕಷ್ಟ ಇಲ್ಲೇನು?"

ಜಗದೇವಪ್ಪ ಪೆನ್ನು ಕೆಳಗಿಟ್ಟ. ಅವನಿಗೂ ಕಷ್ಟವಿತ್ತು. ಮಗಳು ಪಿಯುಸಿಯಲ್ಲಿ ಫಸ್ಟ್ ಕ್ಲಾಸು, ಮುಂದೆ ಓದುತ್ತೇನೆ ಅನ್ನುತ್ತಾಳೆ. ಗಂಡಿನ ಕಡೆಯವರು ಅವಸರ ಮಾಡುತ್ತಿದ್ದಾರೆ. ಹುಡುಗ ಕುಡಿಯುತ್ತಾನೆಂದು ಸುದ್ದಿ, ಆದರೆ ಮನೆತನ ದೊಡ್ಡದು. ಸುತ್ತಿ ಸುತ್ತಿ ಅದನ್ನೇ ಹೇಳಿ ಮುಗಿಸುವಾಗ ಐದಕ್ಕೆ ಹತ್ತು ನಿಮಿಷ. ಮಥುರಾಬಾಯಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಜಗದೇವಪ್ಪ ಸಂತೋಷದಿಂದ ಪತ್ರ ಬರೆದು ಸಹಿ ಹಾಕಿದ. ಐದನ್ನೂ ಟಾಚಣಿಯಿಂದ ಚುಚ್ಚಿ, ಮೊಹರಿನ ಶಿಕ್ಕೆಯನ್ನು ಶಾಯಿಗೆ ಒತ್ತಿ, ಅರ್ಜಿಯ ಮೇಲೆ ಎತ್ತಿ ಹಿಡಿದ.

"ಹಂಗಾದ್ರ ನಾಳಿ ಗಂಡಿನವರಿಗೆ ಮಾತು ಕೊಟ್ಟು ಬಿಡ್ತೀನ್ರಿ. ಹೆಣ್ಣುಮಕ್ಕಳು ಓದಿ ಏನು ಮಾಡೋದದ."

ಇನ್ನೊಂದು ಕ್ಷಣ ತಡೆದುಕೊಂಡಿದ್ದರೆ ಕೆಲಸ ಆಗುತ್ತಿತ್ತು. ಅದು ಮಥುರಾಬಾಯಿಗೂ ಚೆನ್ನಾಗಿ ಗೊತ್ತಿತ್ತು.

"ಜಗದೇವಪ್ಪನವರ, ಕೈ ಕೆಳಗ ಇಳಸ್ರಿ. ಕುಡುಕಗ ಮಗಳನ್ನ ಕೊಟ್ಟು ಮನೆತನ ನೆಕ್ಕೋತ ಕೂಡ್ತೀರೇನು? ನಾಳಿ ಮುಂಜಾನೆ ಹೋಗಿ ಬ್ಯಾಡ ಅಂತ ಹೇಳ್ರಿ. ಆಕಿನ್ನ ಕಾಲೇಜಿಗೆ ಹಚ್ಚರಿ. ನಾ ನಲವತ್ತನಾಲ್ಕಕ್ಕ ಓದಲಾಕ ಬಂದೀನಿ, ಆಕಿ ಹದಿನೆಂಟಕ್ಕ ಯಾಕ ಬಿಡಬೇಕು?"

ಜಗದೇವಪ್ಪ ಶಿಕ್ಕೆ ಕೆಳಗಿಟ್ಟ. ಐದನೆಯ ಪತ್ರ ಬಿಡಿಸಿ ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದ. ಗೋಡೆಯ ಗಡಿಯಾರ ಐದು ಹೊಡೆಯಿತು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ನೋಡಿ ಮಥುರಾಬಾಯಿಗೆ ಗಾಬರಿಯಾಯಿತು.

"ಹನ್ನೊಂದು ವರ್ಷ ಆತ್ರಿ ಅಕ್ಕೋರ, ಈ ಡಿಪಾರ್ಟ್‌ಮೆಂಟಿನಾಗ. ಈ ಮಗಳ ಸಂಕಟ ಇಲ್ಲಿ ಎಲ್ಲಾ ಪ್ರೊಫೆಸರರ ಮುಂದ ಹೇಳೀನಿ. ಎಲ್ಲಾರೂ ಹೂಂ ಹೂಂ ಅಂತ ಭಾಳ ಚಂದ ಕೇಳ್ಯಾರ. ಏನು ಮಾಡಬೇಕಂತ ಒಬ್ಬರೂ ಹೇಳಿಲ್ಲ. ನೀವೊಬ್ಬರ ಹೇಳಿದ್ರಿ. ನಾಳಿ ಬ್ಯಾಡ ಅಂದ ಬರ್ತೀನಿ."

"ಹಂಗಾದ್ರ ನನ್ನ ಅರ್ಜಿ ತಗೋರಿ."

"ಅದು ಹೆಂಗ ಬರ್ತದ್ರಿ?" ಜಗದೇವಪ್ಪ ಕೌಂಟರಿನ ಕಿಟಕಿ ಎಳೆಯುತ್ತ ನೊಂದು ಹೇಳಿದ. "ಸಲಹೆ ಕೊಟ್ಟೀರಲ್ಲ."

ಮಥುರಾಬಾಯಿ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡಳು. ತಲೆ ಮಾತ್ರ ತಗ್ಗಲಿಲ್ಲ.

"ಕೊಟ್ಟೀನಿ. ನಾಳಿ ಗಂಡಿನವರ ಮುಂದ ನೀವು ಮೆತ್ತಗಾದ್ರ, ಮತ್ತ ಬಸ್ಸು ಹತ್ತಿ ಬಂದು ಕೊಡ್ತೀನಿ."