ಹಿಟ್ಟಿನ ಗಿರಣಿಯ ಜಾತಿ

ನನ್ನ ಸೋದರಮಾವ ಯಮನ ಜೊತೆಗಾದರೂ ರಾಜಿಗೆ ಬಂದಾರು, ಕರೆಂಟ್ ಆಫೀಸಿನ ಜೊತೆ ಬರುವವರಲ್ಲ ಎಂದು ಆಂಧ್ರದ ಗಡಿಯೂರು ಆದೋನಿಯ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಜನ ಹೇಳುತ್ತಿರಲಿಲ್ಲ, ಯಾಕೆಂದರೆ ಎದುರಿಗೆ ಸಿಕ್ಕಿ ಹೇಳಿದರೆ ಅವರ ಜೊತೆಗೂ ವಾದ ಶುರುವಾಗುತ್ತಿತ್ತು!

ನಮ್ಮ ಅಜ್ಜನದು ಆಚಾರ್ಯರ ಮನೆತನ. ಮನೆಯ ಗಂಡಸರೆಲ್ಲ ತರ್ಕ, ವ್ಯಾಕರಣ ಓದಿ, ಬೆಳಗಿನಿಂದ ಸಂಜೆಯವರೆಗೆ ಇಲ್ಲದ ಎದುರಾಳಿಗಳನ್ನು ಸೋಲಿಸಿ, ಸುಖವಾಗಿ ಊಟ ಮಾಡಿ ಮಲಗುತ್ತಿದ್ದರು. ಮಾಮಾ ಮಾತ್ರ ಪಾಠಕ್ಕೆ ಕೂರಲಿಲ್ಲ. ಆದರೆ ವಾದದ ಚಟಕ್ಕೆ ಪಾಠ ಬೇಕೆ? ಅದು ರಕ್ತದಲ್ಲೇ ಬಂದಿತ್ತು. ಕಾಯಿಪಲ್ಲೆಯವಳ ಹತ್ತಿರ ಬದನೆಕಾಯಿಯ ರೇಟಿಗೆ ವಾದಕ್ಕೆ ನಿಂತರೆ ಬದನೆಕಾಯಿ ಬಾಡಿ, ರೇಟು ತಾನಾಗಿಯೇ ಇಳಿಯುತ್ತಿತ್ತು. ಅದನ್ನು ಅವರು ಗೆಲುವೆಂದು ಮನೆಗೆ ತರುತ್ತಿದ್ದರು. ಮಾಮಿ ಆ ಗೆಲುವನ್ನು ಹೆಚ್ಚಿ ನೋಡಿ, ಹುಳುವಿರುವ ಭಾಗವನ್ನು ಎಸೆದು, ಉಳಿದದ್ದನ್ನು ಪಲ್ಯ ಮಾಡುತ್ತಿದ್ದರು.

ಇಂಥ ಮನುಷ್ಯ ಮನೆತನದ ಪೌರೋಹಿತ್ಯ ಬಿಟ್ಟು ಬಜಾರಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಆಗಷ್ಟೇ ಆದೋನಿಯ ಒಂದು ಕನ್ನಡ ಶಾಲೆಗೆ ಟೀಚರಾಗಿ ಸೇರಿ ಅವರ ಮನೆಯಲ್ಲೇ ಇದ್ದೆ. ನನಗೆ ಊಟ, ವಸತಿ ಪುಕ್ಕಟೆ. ಅದಕ್ಕೆ ಪ್ರತಿಯಾಗಿ ಮಾಮಾನ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದು ನನ್ನ ಪಾಲಿಗೆ ಬಂತು. ಊಟ ಚೆನ್ನಾಗಿರುತ್ತಿತ್ತು, ಆದರೂ ನಾನೇ ಮೋಸಹೋದೆ.

ಜಗಳ ಶುರುವಾದದ್ದು ಮೊದಲ ಬಿಲ್ಲಿನಿಂದ. ಕರೆಂಟಿನಲ್ಲಿ ಜಾತಿಗಳಿವೆ ಎಂಬುದು ಆವರೆಗೆ ನಮಗೆ ಗೊತ್ತಿರಲಿಲ್ಲ. ಮನೆಗೊಂದು ದರ, ಅಂಗಡಿಗೊಂದು ದರ, ಕಾರ್ಖಾನೆಗೊಂದು, ಹೊಲದ ಪಂಪ್‌ಸೆಟ್ಟಿಗೊಂದು. ತಂತಿ ಒಂದೇ, ಕಂಬ ಒಂದೇ, ಮುಟ್ಟಿದರೆ ಹೊಡೆಯುವುದೂ ಒಂದೇ ರೀತಿ. ದರ ಮಾತ್ರ ಬೇರೆ! ನಮ್ಮ ಗಿರಣಿಯನ್ನು ಅಂಗಡಿಯ ಸಾಲಿಗೆ ಸೇರಿಸಿದ್ದರು. ಅದೇ ಎಲ್ಲಕ್ಕಿಂತ ದುಬಾರಿ.

ಮಾಮಾ ಮರುದಿನವೇ ಕರೆಂಟ್ ಆಫೀಸಿಗೆ ಹೊರಟರು. ಜೊತೆಗೆ ನಾನು. ಅಲ್ಲಿನ ಇಂಜಿನಿಯರು ಕರಾವಳಿ ಕಡೆಯ ತೆಲುಗಿನವರು, ಸಾಧು ಮನುಷ್ಯ. ಆದೋನಿಗೆ ಬಂದು ನಮ್ಮ ಕನ್ನಡವನ್ನು ತಮ್ಮ ತೆಲುಗಿನಲ್ಲಿ ಅದ್ದಿ ಮಾತಾಡುವುದನ್ನು ಕಲಿತಿದ್ದರು; 'ನೀವು' ಅವರ ಬಾಯಲ್ಲಿ 'ಮೀರು' ಆಗುತ್ತಿತ್ತು.

"ನಾ ಏನ್ ಮಾರತೀನಂತ ನಂದು ಅಂಗಡಿ ಅಂತೀರಿ?" ಎಂದು ಮಾಮಾ ಕೇಳಿದರು.

"ಹಿಟ್ಟು ಮಾರತಾರು ಕದಂಡಿ."

"ಜೋಳ ಅವರದು, ಹಿಟ್ಟೂ ಅವರದು. ಡಬ್ಬಿನೂ ಅವರs ತರತಾರ."

"ಮತ್ತೆ ಮೀರು ಏನ್ ಮಾಡತಾರು?"

"ನಾ ಬರೇ ಸಪ್ಪಳ ಮಾಡತೀನ್ರಿ."

ಇಂಜಿನಿಯರು ದರದ ಪಟ್ಟಿ ತಿರುವಿ ನೋಡಿ, ಸಪ್ಪಳಕ್ಕೆ ತಮ್ಮಲ್ಲಿ ಬೇರೆ ದರ ಇಲ್ಲವೆಂದು ವಿಷಾದದಿಂದ ತಿಳಿಸಿದರು.

ಮಾಮಾ ಮನೆಗೆ ಬಂದು ಹೊಸ ಯುಕ್ತಿ ಹೂಡಿದರು. ಬೀಸುವುದು ಅಡಿಗೆಯ ಕೆಲಸ. ಅಡಿಗೆ ಮನೆಯ ಕೆಲಸ. ಆದ್ದರಿಂದ ಗಿರಣಿಯೂ ಮನೆಯೇ. ಮನೆಯ ದರವೇ ಸರಿ. ಇಂಜಿನಿಯರು ಪರೀಕ್ಷೆಗೆ ಬರುವ ದಿನ ಗಿರಣಿಯ ಮೂಲೆಯಲ್ಲಿ ಒಂದು ಸ್ಟೋವು ಬಂತು, ಈಳಿಗೆಮಣೆ ಬಂತು, ಕೊನೆಗೆ ಮಾಮಿಯೂ ಬಂದರು. ಹಾರುತ್ತಿದ್ದ ಹಿಟ್ಟಿನ ನಡುವೆ ಕೂತು ಮಾಮಿ ಮಂಡಕ್ಕಿ ಒಗ್ಗರಣೆ ಹಾಕಿದರು, ಮಿರ್ಚಿ ಕರಿದರು. ಅವರ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ, ಒಂದೇ ಮುಂಜಾನೆಯಲ್ಲಿ ಮುದುಕಿಯಾದಂತೆ ಕಾಣುತ್ತಿದ್ದರು. "ಇವರನ್ನ ಕಟ್ಟಿಕೊಂಡ ದಿನs ಹಿಂಗ ಆಗಬೇಕಿತ್ತು, ತಡ ಆತು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಇಂಜಿನಿಯರು ಬಂದರು, ಮೂಸಿದರು, ಕೂತರು. ಒಂದು ತಟ್ಟೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು. ಮಾಮಾನ ಮುಖದಲ್ಲಿ ಮಂದಹಾಸ. ಕೈ ತೊಳೆದು ಇಂಜಿನಿಯರು ಹೇಳಿದರು: "ಆಚಾರ್ಯುಲುಗಾರೂ, ಚಾಲಾ ಬಾಗುಂದಿ. ಈಗ ಗಿರಣಿ ಜತಿಗೆ ಹೋಟಲ್ ಕೂಡ ಐತಂಡಿ. ಎರಡೂ ವ್ಯಾಪಾರಮೇ."

ಅಂದು ರಾತ್ರಿ ಮಾಮಿ ಅಡಿಗೆ ಮಾಡಲಿಲ್ಲ. ಹೋಟೆಲಿಗೆ ವಾರದ ರಜೆ ಎಂದರು.

ಪೆದ್ದಹರಿವಾಣಂನಲ್ಲಿ ಮಾಮಾನ ಗೆಳೆಯರೊಬ್ಬರ ಹೊಲವಿತ್ತು. ಅಲ್ಲಿನ ಪಂಪ್‌ಸೆಟ್ಟಿಗೆ ಬೀಳುವ ಅಗ್ಗದ ದರ ಕೇಳಿ ಮಾಮಾಗೆ ಎರಡು ದಿನ ನಿದ್ದೆ ಬರಲಿಲ್ಲ. ಜೋಳ ಹೊಲದಲ್ಲೇ ತಾನೆ ಬೆಳೆಯುವುದು, ಜೋಳದ ಕೆಲಸ ಒಕ್ಕಲುತನವಲ್ಲದೆ ಮತ್ತೇನು ಎಂದು ನನ್ನಿಂದ ಎರಡು ಪುಟದ ಅರ್ಜಿ ಬರೆಸಿದರು. ಇಂಜಿನಿಯರು ಅದನ್ನು ಪೂರ್ತಿ ಓದಿದ್ದೇ ದೊಡ್ಡದು. ಓದಿ, "ಬಾವಿ ಎಲ್ಲೈತಂಡಿ?" ಎಂದು ಕೇಳಿದರು. ಮನೆಯ ಹಿತ್ತಲಲ್ಲಿ ಇದೆ ಎಂದರು ಮಾಮಾ. "ಬಾವಿಯಿಂದ ಜೋಳ ಸೇದತಾರಾ?" ಎಂದು ಇಂಜಿನಿಯರು ಅತ್ಯಂತ ವಿನಯದಿಂದ ಕೇಳಿದರು. ನಾನು ಕೆಮ್ಮು ಬಂದವಳಂತೆ ಹೊರಗೆ ಬಂದುಬಿಟ್ಟೆ.

ಇನ್ನೊಬ್ಬರಾಗಿದ್ದರೆ ಇಲ್ಲಿಗೆ ಬಿಡುತ್ತಿದ್ದರು. ಮಾಮಾ ಬಿಡಲಿಲ್ಲ. ದಿನಾ ಬೆಳಗ್ಗೆ ಪೂಜೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ದೇವಸ್ಥಾನಕ್ಕೆ ಹೋಗುವವರಂತೆ ಕರೆಂಟ್ ಆಫೀಸಿಗೆ ಹೋಗುತ್ತಿದ್ದರು. ಏಕಾದಶಿಯ ದಿನ ಗಿರಣಿ ಮುಚ್ಚಿರುತ್ತದೆ, ಅಂದಮೇಲೆ ಕನಿಷ್ಠ ಚಾರ್ಜಿನಲ್ಲಿ ಏಕಾದಶಿಗಳನ್ನು ಕಳೆಯಬೇಕೆಂದು ಒಂದು ದಿನ. ಮೀಟರಿನ ಚಕ್ರ ಪ್ರದಕ್ಷಿಣೆಯ ದಿಕ್ಕಿಗೇ ತಿರುಗುತ್ತಿದೆಯೋ ಇಲ್ಲವೋ ನೋಡಬೇಕೆಂದು ಇನ್ನೊಂದು ದಿನ. ಅವರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಲೈನ್‌ಮನ್ನುಗಳು ಕಂಬ ಏರಿಬಿಡುತ್ತಿದ್ದರಂತೆ. ಆ ವರ್ಷ ನಮ್ಮ ಪೇಟೆಯ ಕಂಬಗಳು ಬಹಳ ಚೆನ್ನಾಗಿ ರಿಪೇರಿಯಾದವು!

ಕೊನೆಗೆ ಇಂಜಿನಿಯರೇ ಸೋತು ದಾರಿ ತೋರಿಸಿದರು. ಗಿರಣಿಯಲ್ಲಿ ಮಾರಾಟ ಏನೂ ಇರಕೂಡದು. ಬರೀ ಬೀಸುವುದಾದರೆ ಕಾರ್ಖಾನೆಯ ದರಕ್ಕೆ ಹಾಕಬಹುದು. ಕಾರ್ಖಾನೆಯ ದರ ಅಂಗಡಿಯದಕ್ಕಿಂತ ಎಷ್ಟೋ ಅಗ್ಗ. ಅಡ್ಡಿಯಾಗಿದ್ದದ್ದು ಒಂದೇ: ಗಿರಣಿಯ ಬಾಗಿಲ ಬಳಿ ಒಂದು ಹಲಗೆಯ ಮೇಲೆ ಮಾಮಿ ಈಚೆಗೆ ಇಟ್ಟು ಮಾರತೊಡಗಿದ್ದ ಖಾರದಪುಡಿ.

"ನನ್ನ ಖಾರದಪುಡಿ ಏನ್ ಪಾಪ ಮಾಡ್ಯದ?" ಎಂದರು ಮಾಮಿ.

"ಅದು ವ್ಯಾಪಾರ. ನಾವಿನ್ನ ಕೈಗಾರಿಕಾ."

"ಕೈಗಾರಿಕಾ ಅಂದಮ್ಯಾಲೆ ಖಾರ ಹಚ್ಚಿಕೊಂಡು ಉಣ್ಣೂದಿಲ್ಲೇನು?"

ಹಲಗೆ ಹೋಯಿತು. ಕಾರ್ಖಾನೆಯ ದರ ಬಂತು. ಮಾಮಾ ಎಮ್ಮಿಗನೂರಿನಿಂದ ಹೊಸ ಧೋತರ ತರಿಸಿ ಉಟ್ಟು, ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರು ಎದುರಿಗೆ ಸಿಕ್ಕರೆ ಸರಿಸಮಾನರಂತೆ ತಲೆಯಾಡಿಸತೊಡಗಿದರು. ಸಾಹುಕಾರರು ಗಾಬರಿಯಾಗಿ ಹಿಂದೆ ತಿರುಗಿ ನೋಡುತ್ತಿದ್ದರು. ಎರಡು ಬಿಲ್ಲು ಬರುವವರೆಗೆ ಮನೆಯಲ್ಲಿ ಸ್ವರ್ಗವೇ ಇಳಿದಿತ್ತು, ಮಾಮಿಯ ಮುಖವೊಂದನ್ನು ಬಿಟ್ಟು.

ಅಷ್ಟರಲ್ಲಿ ಬೇಸಿಗೆ ಬಂತು. ಜಲಾಶಯಗಳಲ್ಲಿ ನೀರಿಲ್ಲ, ಕರೆಂಟಿಗೆ ಕೊರತೆ ಎಂದು ಹೊಸ ಕಟ್ಟಳೆ ಹೊರಟಿತು. ಸಂಜೆ ದೀಪ ಹಚ್ಚುವ ಹೊತ್ತಿನಿಂದ ಊರು ಉಂಡು ಮುಗಿಸುವವರೆಗೆ ಕಾರ್ಖಾನೆಗಳು ಮೋಟಾರು ಓಡಿಸುವಂತಿಲ್ಲ. ಅಂಗಡಿಗಳಿಗೆ ಆ ಕಟ್ಟಳೆ ಇಲ್ಲ. ದೊಡ್ಡ ಮಿಲ್ಲುಗಳವರು ಡೀಸೆಲ್ ಇಂಜಿನ್ನು ಇಟ್ಟುಕೊಂಡಿದ್ದರು. ನಮ್ಮ ಕೈಗಾರಿಕೆಯಲ್ಲಿ ಇದ್ದದ್ದು ಒಂದು ಮೋಟಾರು, ಒಂದು ಜೊತೆ ಕಲ್ಲು, ಮತ್ತು ಮಾಮಾ. ಕದ್ದು ಓಡಿಸೋಣವೆಂದರೆ ಅದರ ಸಪ್ಪಳ ಕರೆಂಟ್ ಆಫೀಸಿನವರೆಗೆ ಕೇಳುತ್ತಿತ್ತು. ತಾವು ಬರೀ ಸಪ್ಪಳ ಮಾಡುವವರೆಂದು ಮಾಮಾ ಹಿಂದೆ ಹೇಳಿಕೊಂಡಿರಲಿಲ್ಲವೆ?

"ಬೆಳಿಗ್ಗೆ ಬೀಸಿದರಾತು. ಹಿಟ್ಟಿಗೇನು ಮುಹೂರ್ತ ಅದನ?" ಎಂದು ಮಾಮಾ ನಿಶ್ಚಿಂತರಾಗಿದ್ದರು. ಮೊದಲ ಸಂಜೆ ನಾನು ಶಾಲೆಯಿಂದ ತಡವಾಗಿ ಬರುವಾಗ ಗಿರಣಿಯ ಕಟ್ಟೆಯ ಮೇಲೆ ಬೀಗ ಹಿಡಿದು ಕೂತಿದ್ದರು. ನಾನೂ ಅಲ್ಲೇ ನಿಂತೆ.

ಜಿನ್ನಿಂಗ್ ಮಿಲ್ಲು ಬಿಟ್ಟಿತ್ತು. ಹತ್ತಿ ಆರಿಸುವ ಹೆಂಗಸರು ಸೀರೆ, ಕೂದಲು ತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬಂದರು. ಅವರು ಅಂದಿನ ಕೂಲಿ ಅಂದೇ ಇಸಿದುಕೊಂಡು, ದಾರಿಯಲ್ಲಿ ಜೋಳ ಕೊಂಡು, ನಮ್ಮಲ್ಲಿ ಬೀಸಿಸಿ, ಮನೆಗೆ ಹೋಗಿ ರೊಟ್ಟಿ ಬಡಿಯುವವರು. ಮುಚ್ಚಿದ ಬಾಗಿಲು ನೋಡಿ ಎಲ್ಲರೂ ನಿಂತರು. ಮುಂದೆ ಇದ್ದವಳು ಹನುಮಕ್ಕ, ಗಿರಣಿ ಶುರುವಾದ ದಿನದಿಂದ ಬರುತ್ತಿದ್ದವಳು.

"ಕರೆಂಟ್ ಇಲ್ಲೇನ್ರಿ ಆಚಾರ್ರ?"

"ಅದನವ್ವ. ಆದರ ಓಡಸಂಗಿಲ್ಲ. ಸರ್ಕಾರದ ರೂಲು. ನಾಳೆ ಬೆಳಿಗ್ಗೆ ಬಾ."

"ಬೆಳಿಗ್ಗೆ ಹೊತ್ತು ಹುಟ್ಟಾಕ ಮುಂಚೆ ಮಿಲ್ಲಿಗೆ ಹೋಗತೀವಲ್ರಿ."

"ರೈಲ್ವೆ ಗೇಟಿನ ಆಚೆ ಇನ್ನೊಂದು ಗಿರಣಿ ಅದ ನೋಡು, ಅದು ಅಂಗಡಿ ಲೆಕ್ಕದ್ದು."

"ಅಲ್ಲಿಗೆ ಹೋಗಿ ಬರೂದ್ರಾಗ ಹುಡುಗರು ಮಲಗಿಬಿಡತಾವ್ರಿ."

ಮಾಮಾ ಬಾಯಿ ತೆರೆದರು. ಕಟ್ಟಳೆಯ ಬಗ್ಗೆ, ದರದ ಬಗ್ಗೆ, ಕೈಗಾರಿಕೆಯ ಲಕ್ಷಣದ ಬಗ್ಗೆ ಅವರ ಹತ್ತಿರ ಎಷ್ಟು ಮಾತಿತ್ತೆಂದು ನನಗೆ ಗೊತ್ತು. ಎಲ್ಲ ನಾನೇ ಇಂಗ್ಲಿಷಿಗೆ ತಿರುಗಿಸಿದ್ದೆ. ಆದರೆ ಹನುಮಕ್ಕ ವಾದಕ್ಕೆ ನಿಲ್ಲಲೇ ಇಲ್ಲ. "ಇರ್ಲಿ ಬಿಡ್ರಿ, ನೀವೇನ್ ಮಾಡತೀರಿ. ಇವತ್ತು ಜೋಳ ಹಂಗs ಕುದಿಸತೀನಿ" ಎಂದು ಡಬ್ಬಿ ಎತ್ತಿಕೊಂಡು ಹೊರಟಳು. ಉಳಿದವರೂ ಅವಳ ಹಿಂದೆ ಹೋದರು.

ಮನೆಗೆ ಬಂದ ಮಾಮಾ ಊಟಕ್ಕೆ ಕೂತರು. ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ಅದನ್ನು ನೋಡುತ್ತ ಕೂತರು, ಮುರಿಯಲಿಲ್ಲ. ಖಾರ ಕಡಿಮೆಯಾಗಿದೆಯೇ ಎಂದು ಮಾಮಿ ಚುಚ್ಚಿದರು. ಮಾಮಾ ರೊಟ್ಟಿಯನ್ನು ಹಾಗೆಯೇ ಬಿಟ್ಟು ಕೈ ತೊಳೆದರು. ಮಾಮಿ ನನ್ನ ಮುಖ ನೋಡಿದರು. ಈ ಮನೆಯಲ್ಲಿ ಮಾತಿಗೆ ಮಾತು ಬಾರದೆ ಹೋದದ್ದು ಅದೇ ಮೊದಲು.

ಬೆಳಗ್ಗೆ ನನ್ನನ್ನು ಎಬ್ಬಿಸಿ, ಶಾಲೆಗೆ ಹೋಗುವ ಮುಂಚೆ ಒಂದು ಅರ್ಜಿ ಬರೆಯಬೇಕೆಂದರು. ಗಿರಣಿಯನ್ನು ಮತ್ತೆ ಅಂಗಡಿಯ ದರಕ್ಕೆ ಹಾಕಬೇಕೆಂದು ಅರ್ಜಿ! ನಾನು ಬರೆದೆ. ಇಬ್ಬರೂ ಹೋದೆವು.

ಇಂಜಿನಿಯರು ಅದನ್ನು ಓದಿದರು, ಹಿಂದೆ ತಿರುಗಿಸಿ ನೋಡಿದರು, ಮಾಮಾನನ್ನು ನೋಡಿದರು. "ಜಾಸ್ತಿ ದರ ಬೇಕು ಅಂತ ಕೇಳಿದವರು ನನ್ನ ಸರ್ವೀಸಲ್ಲಿ ಮೀರೇ ಮೊದಲಂಡಿ. ಇದರಾಗ ಏನೋ ಐತಿ."

"ಏನಿಲ್ರಿ. ವಿಚಾರ ಮಾಡಿದೆ. ಜೋಳ ಪುಡಿ ಆದರೂ ಜೋಳನs. ಹೊಸಾ ವಸ್ತು ಏನೂ ಹುಟ್ಟಲಿಲ್ಲ. ಅಂದಮ್ಯಾಲೆ ಅದು ಕೈಗಾರಿಕಾ ಹೆಂಗ ಆದೀತು? ನೀವು ಮೊದಲ ಹೇಳಿದ್ದs ಖರೆ."

ಇಂಜಿನಿಯರು ನಂಬಲಿಲ್ಲ. ಗಲ್ಲ ಕೆರೆದುಕೊಂಡು ಯೋಚಿಸಿದರು. ಆಮೇಲೆ ಮುಖ ಅರಳಿತು. "ಅರ್ಥಮಾಯಿತು. ಅಮ್ಮಗಾರು. ಖಾರದಪುಡಿ."

ನಾನು ನಿಜ ಹೇಳಲೆಂದು ಬಾಯಿ ತೆರೆದೆ. ಮೇಜಿನ ಕೆಳಗೆ ಮಾಮಾ ನನ್ನ ಕಾಲು ತುಳಿದರು. "ಹೌದ್ರಿ," ಎಂದರು ತಲೆ ತಗ್ಗಿಸಿ, "ಮನ್ಯಾಗ ಇರಗೊಡವಲ್ಲಳು."

ಇಂಜಿನಿಯರು ಕುರ್ಚಿಯಿಂದೆದ್ದು ಇಡೀ ಆಫೀಸಿಗೆ ಕೇಳುವಂತೆ ಸಾರಿದರು. ತಮ್ಮನ್ನೆಲ್ಲ ಸೋಲಿಸಿದ ಆಚಾರ್ಯರನ್ನು ಅಮ್ಮನವರು ಖಾರದಪುಡಿಯಲ್ಲೇ ಸೋಲಿಸಿದರಂತೆ! ಗುಮಾಸ್ತರು ನಕ್ಕರು, ಬಾಗಿಲಲ್ಲಿ ನಿಂತಿದ್ದ ಲೈನ್‌ಮನ್ನುಗಳು ಧೈರ್ಯವಾಗಿ ಒಳಗೆ ಬಂದು ನಕ್ಕರು. ಮಾಮಾ ಕೈಕಟ್ಟಿ ನಿಂತು ಅಷ್ಟನ್ನೂ ಕೇಳಿಸಿಕೊಂಡರು. ಆ ಖುಷಿಯಲ್ಲೇ ಇಂಜಿನಿಯರು ಅದೇ ದಿನ ಸಹಿ ಹಾಕಿಕೊಟ್ಟರು.

ಅಂದು ಸಂಜೆ ಮಾಮಾ ಗಿರಣಿಯ ಎರಡೂ ಬಾಗಿಲು ತೆರೆದಿಟ್ಟು, ಮೋಟಾರು ಹಚ್ಚಿ, ಬೀದಿಯ ಕಡೆಗೇ ನೋಡುತ್ತ ನಿಂತಿದ್ದರು. ಸಪ್ಪಳ ಕೇಳಿಯೇ ಹೆಂಗಸರು ಬೇಗ ಬೇಗ ಹೆಜ್ಜೆ ಹಾಕಿಕೊಂಡು ಬಂದರು. ಹನುಮಕ್ಕ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕೇಳಿದಳು:

"ರೂಲು ತೆಗದ್ರೇನ್ರಿ ಆಚಾರ್ರ?"

ಗೆದ್ದರೆ ಊರಿಗೆಲ್ಲ ಸಾರುವವರು, ಸೋತರೂ ಗೆದ್ದೆನೆಂದು ಸಾಧಿಸುವವರು ನಮ್ಮ ಮಾಮಾ. ನಾನು ಕಿವಿಗೊಟ್ಟು ನಿಂತೆ.

"ಹೂಂನವ್ವ," ಎಂದರು ಅವರು, ಜೋಳವನ್ನು ಗಿರಣಿಯ ಬಾಯಿಗೆ ಸುರಿಯುತ್ತ. "ತಾವs ತೆಗದ್ರು."

ಅವಳು ಬಿಸಿ ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೆ ಇಟ್ಟುಕೊಂಡು ಮನೆಯ ಕಡೆ ಹೊರಟಳು. ಮಾಮಾ ಮುಂದಿನವಳ ಡಬ್ಬಿಗೆ ಕೈ ಚಾಚಿದರು.