ಡೇರಿ ಕಂಪ್ಯೂಟರಿಗೆ ನಿದ್ದಿ ಹತ್ತಿಸಿದ್ದು

ನಾನು ಮಾಡುವ ಕೆಲಸ ಏನೆಂದು ಯಾರಾದರೂ ಕೇಳಿದರೆ, ಉತ್ತರ ಮುಗಿಯುವುದರೊಳಗೆ ಒಂದು ಫಜೀತಿ ಆಗಿಯೇ ತೀರುತ್ತದೆ. ಕಲಘಟಗಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ರಿಪೇರಿಯ ಜೊತೆಗೆ ಪ್ರೋಗ್ರಾಮ್ ಬರೆಯುವ ಹುಚ್ಚೂ ಇದೆ. ಹೋದ ಬೇಸಿಗೆಯಲ್ಲಿ "ಈಗ ಏನ್ ಮಾಡಾಕತ್ತೀರಿ?" ಎಂದವರಿಗೆಲ್ಲ "ಒಬ್ಬಾಂವ ಸುಮ್ಮಸುಮ್ಮನ ಏಳಾಕತ್ತಾನ್ರಿ, ಅವನ್ನ ಮಲಗಿಸಾಕತ್ತೀನಿ" ಎಂದೇ ಹೇಳುತ್ತಿದ್ದೆ. ಬಸ್ಸಿನಲ್ಲಿ ಬಾಜೂಕ ಕುಳಿತಿದ್ದ ಒಬ್ಬಾಕೆ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ಎಷ್ಟು ತಿಂಗಳದ್ದವಾ ಕೂಸು?" ಎಂದು ಕೇಳಿ, ಬಜೆ ತೇಯ್ದು ನೆಕ್ಕಿಸುವ ಕ್ರಮ ಹೇಳಿ, ತನ್ನ ಊರು ಬಂತೆಂದು ಇಳಿದು ಹೋದಳು.

ಕೆಲಸವಿಲ್ಲದೆ ಏಳುವವನು

ತಂಬೂರದ ಹತ್ತಿರದ ಒಂದು ಹಳ್ಳಿ. ಅಲ್ಲಿಯ ಹಾಲಿನ ಡೇರಿಗೆ ನಾನೇ ಕಂಪ್ಯೂಟರ್ ಕೂಡಿಸಿಕೊಟ್ಟಿದ್ದೆ. ಯಾರು ಎಷ್ಟು ಹಾಲು ತಂದರು, ಅದರ ಫ್ಯಾಟ್ ಎಷ್ಟು ಎಂಬುದೆಲ್ಲ ಅದರೊಳಗೆ ದಾಖಲಾಗಿ ಒಂದು ಚೀಟಿ ಹೊರಗೆ ಬರುತ್ತದೆ. ಚೀಟಿ ಬರುವುದಿಲ್ಲ ಎಂದರೆ ಆ ಊರಲ್ಲಿ ಯಾರೂ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ. ಒಂದು ದಿನ ಬೆಳಗ್ಗೆ ಕರೆಂಟ್ ಇರಲಿಲ್ಲ, ಕಂಪ್ಯೂಟರಿನ ಬ್ಯಾಟರಿಯೂ ಸತ್ತಿತ್ತು. ಎಲ್ಲರೂ ಮುಚ್ಚಿದ ಕ್ಯಾನು ಹಿಡಿದು ನಿಂತರು. ಹಾಲಿನ ಗಾಡಿ ಬಂತು, ಹಾರ್ನ್ ಹೊಡೆಯಿತು, ಹೋಯಿತು. ಅವತ್ತು ಮಧ್ಯಾಹ್ನ ಊರ ತುಂಬ ಹಾಲು ಬತ್ತಿಸಿ ಖವಾ ಕಾಸುವ ವಾಸನೆ.

ಡೇರಿಯ ಸೆಕ್ರೆಟರಿ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಮಾತು ನೇರ. "ಅಕ್ಕಾರ, ಮುಂದಿನ ತಿಂಗಳ ಮೊದಲನೇ ರವಿವಾರ ಲೈನ್ ರಿಪೇರಿಗಂತ ಕರೆಂಟ್ ತಗೀತಾರ. ಮಧ್ಯಾಹ್ನ ಹೋದ್ರ ಸೋಮವಾರ ಮಧ್ಯಾಹ್ನನ ಬರೂದು. ಸೋಮವಾರ ಬೆಳಗಿನ ಹಾಲಿನ ಮಟ ಇದು ಜೀವ ಹಿಡಿದ್ರ ಸರಿ. ಇಲ್ಲಾಂದ್ರ ಅಟ್ಟಕ್ಕ ಹಾಕಿ ಮೊದಲಿನಂಗ ಕೈಲೆ ಬರಕೋತೀವಿ."

ನಾನು ಬರೆದ ಪ್ರೋಗ್ರಾಮ್ ಓಡುತ್ತಿದ್ದದ್ದು ಅದೊಂದೇ ಡೇರಿಯಲ್ಲಿ. ಅದೂ ಅಟ್ಟ ಹತ್ತಿದರೆ ಮತ್ತೆ ಮೌಸು, ಕೀಬೋರ್ಡು ಮಾರಿಕೊಂಡು ಕೂಡುವುದೇ ಗತಿ.

ಬೆಳಗಿನ ಹಾಲು, ಸಂಜೆಯ ಹಾಲು, ಇವೆರಡರ ನಡುವೆ ಡೇರಿಯಲ್ಲಿ ನೊಣ ಬಿಟ್ಟರೆ ಯಾರೂ ಇರುವುದಿಲ್ಲ. ಹಾಗಾದರೆ ಕಂಪ್ಯೂಟರ್ ಆ ಹೊತ್ತಿನಲ್ಲಿ ಏನು ಮಾಡಿ ಬ್ಯಾಟರಿ ತಿನ್ನುತ್ತದೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಒಂದು ಮಧ್ಯಾಹ್ನ ಅದರ ಮುಂದೆ ಕುಳಿತು ಒಳಗಿನ ಒಂದೊಂದೇ ಕೆಲಸ ನಿಲ್ಲಿಸುತ್ತ ಬಂದೆ. ಕೊನೆಗೆ ಸಿಕ್ಕಿಬಿದ್ದವನು ಡೇಟಾಬೇಸಿನ ಹಿಂದೆ ಕುಳಿತು ಲಾಗ್ ಬರೆಯುವವನು.

ಲೆಕ್ಕವೆಲ್ಲ ಇಡುವ ಈ ಡೇಟಾಬೇಸ್ ಯಾವುದನ್ನೂ ನೇರ ತನ್ನ ದೊಡ್ಡ ಪುಸ್ತಕಕ್ಕೆ ಏರಿಸುವುದಿಲ್ಲ. ಮೊದಲು ಒಂದು ಕಚ್ಚಾ ಲಾಗಿನಲ್ಲಿ ಗೀಚಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೂ ಆಮೇಲೆ ಅದನ್ನು ಓದಿ ಎಲ್ಲ ನೆನಪು ಮಾಡಿಕೊಳ್ಳಬಹುದು. ಈ ಗೀಚುವ ಕೆಲಸಕ್ಕೆ ಒಳಗೆ ಒಬ್ಬನಿದ್ದಾನೆ, ಮನುಷ್ಯನಲ್ಲ, ಪ್ರೋಗ್ರಾಮಿನದೇ ಒಂದು ತುಣುಕು. ಅವನು ಕಣ್ಣು ಮಿಟುಕಿಸುವಷ್ಟು ಹೊತ್ತು ಮಲಗುತ್ತಾನೆ, ಏಳುತ್ತಾನೆ, "ಬರೆಯುವುದು ಏನಾದರೂ ಬಂತೇ?" ಎಂದು ನೋಡುತ್ತಾನೆ, ಇಲ್ಲವೆಂದು ಮತ್ತೆ ಮಲಗುತ್ತಾನೆ. ಹಗಲಿಡೀ ಇದೇ. ಅವನು ಎದ್ದಾಗಲೆಲ್ಲ ಇಡೀ ಯಂತ್ರಕ್ಕೂ ಎಚ್ಚರ.

ಇದನ್ನು ಸೆಕ್ರೆಟರಿಗೆ ವಿವರಿಸಿದೆ. ಅವರು ಎಲೆ ಅಡಿಕೆ ಜಗಿಯುತ್ತ ಗಂಭೀರವಾಗಿ ಕೇಳಿದರು. "ಕೆಲಸ ಏನೂ ಇಲ್ಲ, ಆದ್ರೂ ಮ್ಯಾಲಿಂದ ಮ್ಯಾಲೆ ಎದ್ದು ಬಂದು ಏನೈತಿ ಏನೈತಿ ಅಂತ ಕೇಳ್ತಾನ. ಹೌದಿಲ್ರಿ? ತಿಳೀತು ಬಿಡ್ರಿ. ಅಂಥಾವ್ರು ನಮ್ಮ ಕಮಿಟಿಯೊಳಗ ಭಾಳ ಮಂದಿ ಅದಾರ."

ಹಾಲು ಕುಡಿದವರು ಯಾರು

ಮೊದಲು ಹೊಳೆದದ್ದು ಸುಲಭದ ಉಪಾಯ. ಅವನ ನಿದ್ದೆ ಉದ್ದ ಮಾಡುವುದು. ಕಣ್ಣು ಮಿಟುಕಿಸುವ ಬದಲು ಒಂದು ಚಹಾ ಕುಡಿಯುವಷ್ಟು ಹೊತ್ತು ಮಲಗಲಿ ಎಂದು ಹೊಂದಿಸಿದೆ. ಯಂತ್ರ ತಣ್ಣಗಾಯಿತು. ನಾನೂ ತಣ್ಣಗಾದೆ.

ಆದರೆ ಅದರಲ್ಲೊಂದು ಎಡವಟ್ಟಿತ್ತು. ಸಾಲಿನಲ್ಲಿ ನಿಂತವರಿಗೆ ತಡವಾಗಬಾರದೆಂದು, ಚೀಟಿ ಮೊದಲು ಬರಲಿ, ಲಾಗ್ ಹಿಂದಿನಿಂದ ಬರೆಯಲಿ ಎಂದು ಮೊದಲೇ ಏರ್ಪಾಡು ಮಾಡಿದ್ದೆ. ಅವನು ಕಣ್ಣು ಮಿಟುಕಿಸಿ ಏಳುವಾಗ ಇದರಿಂದ ತೊಂದರೆ ಇರಲಿಲ್ಲ. ಈಗ ಚೀಟಿಗೂ ಲಾಗಿಗೂ ನಡುವೆ ಒಂದು ಚಹಾದ ಅಂತರ ಬಿತ್ತು.

ಆ ಡೇರಿಗೆ ಯಾವಾಗಲೂ ಕಡೆಗೆ ಬರುವವಳು ಒಬ್ಬ ದೊಡ್ಡವ್ವ. ಅವಳ ಎಮ್ಮೆ ಸೊರ ಬಿಟ್ಟು ಹಾಲಿಳಿಸುವುದೇ ತಡ. ಅವತ್ತು ಸಂಜೆ ಅವಳು ಹಾಲು ಸುರಿದು ಚೀಟಿ ಹಿಡಿದು ಹೊಸ್ತಿಲು ದಾಟಿದಳು. ಸೆಕ್ರೆಟರಿ "ನೋಡೂಣು ನಿಮ್ಮ ರಿಪೇರಿ" ಎಂದು ಕರೆಂಟಿನ ವೈರು, ಬ್ಯಾಟರಿಯ ವೈರು ಎರಡನ್ನೂ ಕಿತ್ತರು. ಮತ್ತೆ ಹಾಕಿ ಶುರು ಮಾಡಿದರೆ ಎಲ್ಲರ ಹಾಲೂ ಇತ್ತು, ದೊಡ್ಡವ್ವನದು ಇಲ್ಲ. ಲಾಗ್ ಬರೆಯುವವನು ಇನ್ನೂ ಮಲಗಿದ್ದಾಗಲೇ ಪ್ರಾಣ ಬಿಟ್ಟಿದ್ದ.

"ದೊಡ್ಡವ್ವಾ, ನೀ ಇವತ್ತ ಬಂದೇ ಇಲ್ಲ ಅಂತೈತಿ ಕಂಪ್ಯೂಟರ್" ಎಂದು ಸೆಕ್ರೆಟರಿ ಬಾಗಿಲಿಂದ ಕೂಗಿದರು.

ಅವಳು ತಿರುಗಿ ಬಂದು ಖಾಲಿ ಬಕೆಟ್ಟನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ನಾ ಬಂದಿಲ್ಲಂದ್ರ ಇದರಾಗಿನ ಹಾಲು ಎಲ್ಲಿ ಹೋತಬೇ? ಕಂಪ್ಯೂಟರ್ ಕುಡೀತೇನು? ಕುಡಿದಿದ್ರ ಬಾಯಿ ವಾಸನಿ ನೋಡು!"

ಮಾವನ ರೇಡಿಯೋ

ಉದ್ದ ನಿದ್ದೆ ಬೇಡ, ಗಿಡ್ಡ ನಿದ್ದೆಯೂ ಬೇಡ. ಹಾಗಾದರೆ ಮತ್ತೇನು? ಈ ಯೋಚನೆಯಲ್ಲೇ ದೇವಿಕೊಪ್ಪದ ನಮ್ಮ ಸೋದರಮಾವನ ಹೊಲಕ್ಕೆ ಊಟಕ್ಕೆ ಹೋದೆ.

ಹೊಲದ ಲೈನಿಗೆ ಕರೆಂಟ್ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ. ಬಂದಾಗ ಓಡಿಹೋಗಿ ಪಂಪ್ ಶುರು ಮಾಡಬೇಕು, ಇಲ್ಲದಿದ್ದರೆ ಗೋವಿನಜೋಳಕ್ಕೆ ನೀರಿಲ್ಲ. ತಾನೇ ಶುರುವಾಗುವ ಸ್ಟಾರ್ಟರ್ ಹಾಕಿಸು ಎಂದರೆ ಮಾವ ಒಲ್ಲೆ ಅನ್ನುತ್ತಾನೆ. ಎಲ್ಲರ ಪಂಪುಗಳೂ ಒಮ್ಮೆಲೇ ಎದ್ದು ಟ್ರಾನ್ಸ್‌ಫಾರ್ಮರ್ ಸುಟ್ಟದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಬಾಜೂ ಹೊಲದವರು ಮೇಲಿಂದ ಮೇಲೆ ಪಂಪಿನ ಮನೆಗೆ ಹೋಗಿ ನೋಡಿ ಬರುತ್ತಿದ್ದರು. ಥೇಟ್ ನನ್ನ ಲಾಗ್ ಬರೆಯುವವನೇ. ಮಾವ ಮಾತ್ರ ಬೇವಿನ ನೆರಳಲ್ಲಿ ಕಾಲು ಚಾಚಿ ಮಲಗಿದ್ದ.

"ಮಾವಾ, ಕರೆಂಟ್ ಬಂತೇನು ನೋಡಾಕ ಹೋಗೂದಿಲ್ಲೇನು?"

"ನಾ ಯಾಕ ಹೋಗ್ಲಿ? ಪಂಪಿನ ಮನ್ಯಾಗ ರೇಡಿಯೋ ಚಾಲೂ ಮಾಡಿ ದನಿ ಪೂರಾ ಏರಿಸಿಟ್ಟೇನಿ. ಕರೆಂಟ್ ಬಂದ್ರ ಅದ ಒದರತೈತಿ. ಅಲ್ಲಿ ಮಟ ನನಗ್ಯಾತರ ಚಿಂತಿ?"

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಏಳುವವನು ಪದೇ ಪದೇ ಎದ್ದು ನೋಡಬೇಕಾಗಿಯೇ ಇಲ್ಲ. ಕೆಲಸ ತಂದವನೇ ಅವನನ್ನು ಎಬ್ಬಿಸಿದರೆ ಆಯಿತು! ಮಾವನ ಕಾಲಿಗೆ ಬೀಳಬೇಕು ಅನ್ನುವಷ್ಟು ಖುಷಿಯಾಯಿತು.

ಪುಣ್ಯಕ್ಕೆ ಬೀಳಲಿಲ್ಲ. ಹೊತ್ತು ಇಳಿಯುತ್ತ ಬಂದರೂ ರೇಡಿಯೋ ಒದರಲಿಲ್ಲ. ಮಾವನಿಗೆ ಸಿಟ್ಟು ಬಂತು. ಎದ್ದು ಪಂಪಿನ ಮನೆಗೆ ಹೋಗಿ, ಅಲ್ಲಿದ್ದ ತನ್ನ ಮೊಬೈಲ್ ಎತ್ತಿಕೊಂಡು ಲೈನ್‌ಮನ್‌ಗೆ ಹಚ್ಚಿದ. "ಏನ್ರೀ, ಮುಂಜಾನಿಂದ ಒಂದ ಕ್ಷಣ ಸೈತ ಕರೆಂಟ್ ಕೊಟ್ಟಿಲ್ಲ! ಬೆಳಿ ಒಣಗಾಕತ್ತೈತಿ!" ಎಂದು ಒಂದೇ ಸಮನೆ ಬೈದ. ಆ ಕಡೆಯವನು ಕೊಟ್ಟಿದ್ದೇನೆ ಅನ್ನುತ್ತಾನೆ, ಈ ಕಡೆ ಮಾವ ಕೊಟ್ಟಿಲ್ಲ ಅನ್ನುತ್ತಾನೆ. ಅಷ್ಟರಲ್ಲಿ ನಮ್ಮತ್ತಿ ಬಂದು ಅವನ ರಟ್ಟೆ ಹಿಡಿದಳು. "ಸಾವಕಾಶ ಮಾತಾಡ್ರಿ, ವೈರ್ ಜಗ್ಗತೈತಿ. ರೇಡಿಯೋದ ಪ್ಲಗ್ ತಗದು ನಾನ ನಿಮ್ಮ ಮೊಬೈಲ್ ಚಾರ್ಜಿಗೆ ಹಾಕಿದ್ದೆ. ಪೂರಾ ತುಂಬೈತಿ ನೋಡ್ರಿ."

ಎಬ್ಬಿಸಿದರೆ ಪಾಪ

ಮಾವನಿಂದ ಉಪಾಯ ಕಲಿತೆ, ಅತ್ತಿಯಿಂದ ಎಚ್ಚರಿಕೆ. ಪೂರ್ತಿ ನಂಬಿ ಮಲಗಿದವನನ್ನು ಎಬ್ಬಿಸುವ ವೈರು ಎಲ್ಲಿಯೂ ಕಡಿದಿರಬಾರದು. ಒಂದು ವಾರ ಕುಳಿತು ಪ್ರೋಗ್ರಾಮ್ ತಿದ್ದಿದೆ. ಕೆಲವು ಸಲ ಎದ್ದು ನೋಡಿ ಏನೂ ಸಿಗದಿದ್ದರೆ ಲಾಗ್ ಬರೆಯುವವನು ಗಾಢ ನಿದ್ದೆಗೆ ಹೋಗಬೇಕು. ಹೋಗುವ ಮುಂಚೆ "ನಾನು ಮಲಗಿದ್ದೇನೆ, ಎಬ್ಬಿಸಿರಿ" ಎಂದು ಬೋರ್ಡ್ ತೂಗುಹಾಕಬೇಕು. ಹಾಲು ದಾಖಲು ಮಾಡುವವನು ಬೋರ್ಡ್ ಕಂಡರೆ ಅವನ ಭುಜ ತಟ್ಟಬೇಕು.

ಸೆಕ್ರೆಟರಿಗೆ ಬಾಯಿಮಾತಲ್ಲಿ ತಿಳಿಯಲಿಲ್ಲ. ಸರಿ, ಆಡಿಯೇ ತೋರಿಸೋಣ ಎಂದು ಅವರನ್ನು ಕುರ್ಚಿಯಲ್ಲಿ ಕೂಡಿಸಿದೆ. "ನೀವ ಲಾಗ್ ಬರಿಯಾವ್ರು. ಕಣ್ಣು ಮುಚ್ಚ್ರಿ. ದೊಡ್ಡವ್ವ ಹಾಲು ತಂದು ನಿಮ್ಮ ಭುಜ ತಟ್ಟತಾಳ. ಅಲ್ಲಿ ಮಟ ತಗೀಬಾರದು." ಅವತ್ತು ಅಪರೂಪಕ್ಕೆ ಬೇಗ ಬಂದಿದ್ದ ದೊಡ್ಡವ್ವ ತಲೆ ಆಡಿಸಿದಳು. ನಾನು ಎದುರಿನ ಅಂಗಡಿಯ ಚಾಚಾನ ಹತ್ತಿರ ಮೂವರಿಗೂ ಚಹಾ ತರಲು ಹೋದೆ.

ಬಂದು ನೋಡಿದರೆ ಸೆಕ್ರೆಟರಿ ಗೊರಕೆ ಹೊಡೆಯುತ್ತಿದ್ದಾರೆ. ದೊಡ್ಡವ್ವ ಬಕೆಟ್ ಬಾಜೂಕಿಟ್ಟುಕೊಂಡು ನೆಲದ ಮೇಲೆ ಕೂತಿದ್ದಾಳೆ. ಅವಳ ಹಿಂದೆ ಬಾಗಿಲ ತನಕ ಸಾಲು.

"ಯಾಕ ಎಬ್ಬಿಸಲಿಲ್ಲ ದೊಡ್ಡವ್ವಾ?"

"ಉಂಡು ಮಲಗಿದವರನ್ನ ಎಬ್ಬಿಸಬಾರದವಾ, ಪಾಪ ಬರತೈತಿ. ಏಳ್ತಾರ ತಗೋ."

ನಗು ಬಂದರೂ ಒಳಗೆ ಏನೋ ಚುಚ್ಚಿತು. ನನ್ನ ಪ್ರೋಗ್ರಾಮಿನಲ್ಲೂ ಹೀಗೆ ಪಾಪಕ್ಕೆ ಹೆದರುವವರು ಯಾರಾದರೂ ಇದ್ದಾರೆಯೇ? ಹುಡುಕಿದೆ. ಇದ್ದ! ತಪ್ಪಿದ ಅಳತೆ ತಿದ್ದುವ ಭಾಗಕ್ಕೆ ಭುಜ ತಟ್ಟು ಎಂದು ಹೇಳಲು ನಾನು ಮರೆತೇಬಿಟ್ಟಿದ್ದೆ. ಅದನ್ನು ಸರಿಪಡಿಸಿದೆ.

ಸದ್ದಿಗೆ ಎಚ್ಚರಾದ ಸೆಕ್ರೆಟರಿ ಮೈಮುರಿದು ಕೇಳಿದರು. "ಅಕ್ಕಾರ, ಈ ಲಾಗ್ ಬರಿಯಾವನ ಕೆಲಸ ಅಗದಿ ಚಲೋ ಐತ್ರಿ. ಎಲ್ಲ್ಯಾರ ಜಾಗಾ ಖಾಲಿ ಐತೇನು?"

ಸೋಮವಾರ

ರವಿವಾರ ಮಧ್ಯಾಹ್ನ ಹೇಳಿದ ಹೊತ್ತಿಗೆ ಕರೆಂಟ್ ಹೋಯಿತು. ಬ್ಯಾಟರಿ ತುಂಬಿತ್ತು. ಕಂಪ್ಯೂಟರಿನ ಪರದೆ ಆರಿತು, ಒಳಗಿನ ಎಲ್ಲರೂ ಮಲಗಿದರು. ಆ ಮೌನ ಕೇಳುತ್ತ ನಿಂತಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಸೆಕ್ರೆಟರಿಯನ್ನು ಕರೆದು ತೋರಿಸಿದೆ. ಒಂದು ಗುಂಡಿ ಒತ್ತಿದೆ, ಪರದೆ ಬೆಳಗಿತು. ಬಿಟ್ಟೆ, ತುಸು ಹೊತ್ತಿಗೆ ಮಲಗಿತು. "ಭಾರೀ ಐತಲ್ರಿ!" ಎಂದರು ಅವರು. ನಾನು ನಿಶ್ಚಿಂತೆಯಿಂದ ಕಲಘಟಗಿಗೆ ಬಂದೆ.

ಸೋಮವಾರ ಮೊದಲನೆಯ ಬಸ್ಸಿಗೆ ಹೋದರೆ ಬ್ಯಾಟರಿ ತಳ ಕಂಡಿತ್ತು. ಸಾಲು ಆಗಲೇ ರಸ್ತೆಗೆ ಬಂದಿತ್ತು. ಯಾರು ಎದ್ದರು? ಯಾರು ಎಬ್ಬಿಸಿದರು? ನಾನು ಹೀಗೆ ತಲೆ ಕೆಡಿಸಿಕೊಂಡು ನಿಂತಿರುವಾಗಲೇ ಸೆಕ್ರೆಟರಿ ಸಾಲಿನ ಮುಂದಿದ್ದವನ ಕೈ ಹಿಡಿದು ಒಳಗೆ ಎಳೆದು ತಂದರು. "ಬಾ ಇಲ್ಲೆ, ಹೆಂಗ ಮಲಗೇತಿ ನೋಡು!" ಎಂದು ಗುಂಡಿ ಒತ್ತಿದರು. ಪರದೆ ಝಗ್ಗೆಂದಿತು. "ನೋಡಿದ್ಯಾ? ಮಲಗಿತ್ತು!"

"ಸೆಕ್ರೆಟರಿ ಅವ್ರ, ಎಷ್ಟು ಮಂದಿಗೆ ತೋರಿಸೀರಿ?"

"ಊರಾಗ ಇನ್ನ್ಯಾರು ಉಳದಿಲ್ರಿ" ಎಂದರು ಹೆಮ್ಮೆಯಿಂದ.

ಸಾಲಿನ ಕಡೆಯಿಂದ ದೊಡ್ಡವ್ವನ ದನಿ ಬಂತು. "ಮಲಗಿದ ಕೂಸು ಮಲಗೇತೇನಂತ ಅಳ್ಳಾಡಿಸಿ ನೋಡ್ತಾರೇನಪಾ?"

ಬೈಯಲು ಹೊತ್ತಿರಲಿಲ್ಲ. ಪರದೆಯ ಬೆಳಕು ಪೂರ್ತಿ ಇಳಿಸಿ, ಕಣ್ಣು ಕಿರಿದು ಮಾಡಿಕೊಂಡು ಒಬ್ಬೊಬ್ಬರ ನಂಬರ್ ಒತ್ತತೊಡಗಿದೆ. ಗಾಡಿ ಬಂದು ಹಾರ್ನ್ ಹೊಡೆಯಿತು. ಸಾಲು ಕರಗಿತು. ಕಡೆಗೆ ಉಳಿದವಳು ದೊಡ್ಡವ್ವ, ಮತ್ತ್ಯಾರು? ಅವಳು ಹಾಲು ಸುರಿದಳು. ನಾನು ನಂಬರ್ ಒತ್ತಿದೆ. ಚೀಟಿಯ ಮೇಲೆ ಅವಳ ಹೆಸರು ಬಂತು, ಅಳತೆ ಬರುವುದರೊಳಗೆ ಯಂತ್ರ ಸತ್ತಿತು.

ಅರ್ಧ ಚೀಟಿ ಹಿಡಿದು ಅವಳು ನನ್ನ ಮುಖ ನೋಡಿದಳು. "ಹ್ವಾದ ಸಲ ಪೂರಾ ಚೀಟಿ ಇತ್ತು, ಹಾಲು ಇರಲಿಲ್ಲ. ಈ ಸಲ ಅರ್ಧ ಚೀಟಿ ಐತಿ. ಅರ್ಧ ಹಾಲರ ಇರತೈತೇನವಾ?"

ಗಾಡಿ ಹೋಯಿತು, ಅವಳು ಹೋಗಲಿಲ್ಲ. ನಾನೂ ಹೋಗಲಿಲ್ಲ. ಯಂತ್ರವನ್ನು ಮೇಲೆ ಹಾಕಲು ಸೆಕ್ರೆಟರಿ ಆಗಲೇ ಅಟ್ಟಕ್ಕೆ ಏಣಿ ಹಚ್ಚಿದ್ದರು. ಮೂವರೂ ಅದರ ಹತ್ತಿರವೇ ಕುಳಿತೆವು. ಮಧ್ಯಾಹ್ನ ಕರೆಂಟ್ ಬಂತು. ಯಂತ್ರ ಎದ್ದು ತನ್ನ ಲಾಗ್ ಓದಿಕೊಂಡು ಒಂದೊಂದೇ ಹೆಸರು ಏರಿಸತೊಡಗಿತು. ಕಡೆಯ ಸಾಲಿನಲ್ಲಿ ದೊಡ್ಡವ್ವ, ಅವಳ ಹಾಲು, ಫ್ಯಾಟ್, ಎಲ್ಲ ಪೂರ್ತಿ! ಭುಜ ತಟ್ಟಿದ ಕೂಡಲೇ ಆ ಪುಣ್ಯಾತ್ಮ ಎದ್ದು ಬರೆದು ಮುಗಿಸಿಯೇ ಸತ್ತಿದ್ದ. ನನಗೆ ಕಣ್ಣಲ್ಲಿ ನೀರು ಬಂತು. ಸೆಕ್ರೆಟರಿ ಏಣಿ ತೆಗೆದು ಹಿತ್ತಲಿಗೆ ಇಟ್ಟರು. ಇನ್ನು ಮೇಲೆ ಸುಮ್ಮನೆ ಆ ಗುಂಡಿ ಯಾರೂ ಮುಟ್ಟಬಾರದು ಎಂದು ಅವರಿಂದ ದೊಡ್ಡವ್ವನ ಎದುರೇ ಮಾತು ತೆಗೆದುಕೊಂಡೆ.

ಮರುದಿನ ಮಧ್ಯಾಹ್ನ ಅವರದೇ ಫೋನ್. "ಅಕ್ಕಾರ, ನೀವೇನ ಚಿಂತಿ ಮಾಡಬ್ಯಾಡ್ರಿ. ಬಾಗಿಲದಾಗ ನಾನ ಕುಂತೀನಿ, ಒಂದ ನರಪಿಳ್ಳಿಗೂ ಮುಟ್ಟಾಕ ಬಿಟ್ಟಿಲ್ಲ. ಆದ್ರೂ ನನ್ನ ಕಣ್ಣು ತಪ್ಪಿಸಿ ಯಾರರ ಎಬ್ಬಿಸ್ಯಾರೇನಂತ, ಆಗಾಗ ನಾನ ಎಬ್ಬಿಸಿ ನೋಡಾಕತ್ತೀನಿ!"